ನೆಲದಡಿ ಬಿಸಿನೀರು: ಬಾಯ್ಲರ್ ಖರೀದಿ ಕೊನೆಗಿರಲಿ

ಹಳೆಯ ಮನೆಯನ್ನು ಬೆಚ್ಚಗಿಡಲು ನೀರು ಕಾಯಿಸುವ ಬಾಯ್ಲರ್ ಕೈಕೊಟ್ಟರೆ ಮೊದಲು ಹೊಸ ಯಂತ್ರದ ಬೆಲೆ ವಿಚಾರಿಸುವುದು ರೂಢಿ. ರೇಡಿಯೇಟರ್‌ಗಳನ್ನು (ಬಿಸಿನೀರು ಹರಿದು ಕೋಣೆಗೆ ಶಾಖ ಕೊಡುವ ಫಲಕಗಳನ್ನು) ಕಿತ್ತು, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಸಿ ನೆಲವನ್ನೇ ಬೆಚ್ಚಗಾಗಿಸುವ ಯೋಚನೆ ಇದ್ದರೆ ಈ ಕ್ರಮ ತಲೆಕೆಳಗು. ಕೆಲಸ ಶುರುವಾಗಬೇಕಾದದ್ದು ಕಿಟಕಿ ಮತ್ತು ಅಟ್ಟದಿಂದ.

ಹಳೆಯ ರೇಡಿಯೇಟರ್‌ಗಳಲ್ಲಿ ಸಾಮಾನ್ಯವಾಗಿ 70–80 ಡಿಗ್ರಿ ಸೆಲ್ಸಿಯಸ್ ನೀರು ಹರಿಯುತ್ತದೆ. ನೆಲದ ಕೊಳವೆಗಳಿಗೆ 35–45 ಡಿಗ್ರಿ ಸಾಕು. ಆದರೆ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಕೋಣೆಯನ್ನು 20 ಡಿಗ್ರಿಯಲ್ಲಿ ಇಡಲು ಅಂಥ ನೆಲ ಚದರ ಮೀಟರಿಗೆ ಸುಮಾರು 100 ವಾಟ್ ಶಾಖವನ್ನಷ್ಟೇ ಕೊಡಬಲ್ಲದು. ಸಂದುಬಿಟ್ಟ ಕಿಟಕಿಗಳ ಮೂಲಕ ಅದಕ್ಕಿಂತ ಹೆಚ್ಚು ಸೋರಿಹೋಗುತ್ತಿದ್ದರೆ ಎಂಥ ದುಬಾರಿ ಯಂತ್ರ ತಂದರೂ ಚಳಿ ತಪ್ಪದು. ಹಾಗಾಗಿ ಒಂದೊಂದು ಕೋಣೆಯ ಶಾಖನಷ್ಟವನ್ನೂ ಲೆಕ್ಕ ಹಾಕಿಸಿ, ಸಂದು ಮುಚ್ಚಿ, ಅಟ್ಟಕ್ಕೆ ಶಾಖನಿರೋಧಕ ಹಾಸಿ, ಮತ್ತೊಮ್ಮೆ ಲೆಕ್ಕ ಹಾಕಿಸಿ. ಆಗಲೂ ಸಾಲದ ಕೋಣೆಯಲ್ಲಿ ಒಂದು ರೇಡಿಯೇಟರ್ ಉಳಿಸಿಕೊಂಡರೆ ನಷ್ಟವೇನಿಲ್ಲ.

ಮುಂದಿನ ಪ್ರಶ್ನೆ ನೆಲದ್ದು. ಕೊಳವೆಗಳನ್ನು ಮುಚ್ಚುವ 65 ಮಿಲಿಮೀಟರ್ ದಪ್ಪದ ಸಿಮೆಂಟ್ ಗಾರೆ ಚದರ ಮೀಟರಿಗೆ ಸುಮಾರು 130 ಕಿಲೋ ತೂಗುತ್ತದೆ. ಮರದ ತೊಲೆಗಳು ಅದನ್ನು ಹೊರುತ್ತವೆಯೇ ಎಂಬುದನ್ನು ರಚನಾ ಎಂಜಿನಿಯರ್ ಹೇಳಬೇಕು, ಗುತ್ತಿಗೆದಾರರಲ್ಲ. ಹೊರಲಾರವು ಎಂದಾದರೆ ತೆಳು ಫಲಕಗಳ ವ್ಯವಸ್ಥೆ ಇದೆ. ನೆಲ ಎತ್ತರವಾದಾಗ ಬಾಗಿಲಿನ ಕೆಳತುದಿ ಕೊಯ್ಯಬೇಕಾಗುತ್ತದೆ, ಮೆಟ್ಟಿಲುಗಳ ಅಳತೆಯೂ ಕೆಡುತ್ತದೆ. ಇದನ್ನು ನಕ್ಷೆಯ ಹಂತದಲ್ಲೇ ನೋಡಿಕೊಳ್ಳಿ. ಹಳೆಯ ನೆಲಹಾಸು ಅಥವಾ ಕೊಳವೆಯ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಉಸಿರಾಟಕ್ಕೆ ಅಪಾಯಕಾರಿ ನಾರು) ಇರಬಹುದು. ಪರೀಕ್ಷೆ ಮಾಡಿಸುವ ಮೊದಲು ಸುತ್ತಿಗೆ ಮುಟ್ಟಬೇಡಿ.

ನೆಲಕ್ಕೆ ಶಾಖನಿರೋಧಕ ಹಲಗೆ, ಗೋಡೆಯಂಚಿಗೆ ಮೆತ್ತನೆಯ ಪಟ್ಟಿ ಬಂದ ಮೇಲೆ ಆಮ್ಲಜನಕ ತಡೆಯುವ ಪದರವಿರುವ ಪ್ಲಾಸ್ಟಿಕ್ ಕೊಳವೆಯನ್ನು ಸಾಮಾನ್ಯವಾಗಿ 100–200 ಮಿಲಿಮೀಟರ್ ಅಂತರದಲ್ಲಿ ಹಾಯಿಸುತ್ತಾರೆ. 16 ಮಿಲಿಮೀಟರ್ ಕೊಳವೆಯಾದರೆ ಒಂದು ಸುತ್ತು 100 ಮೀಟರ್ ಮೀರದಿರಲಿ. ಗಾರೆಯೊಳಗೆ ಜೋಡಣೆ ಬೇಡವೇ ಬೇಡ. ಅಡುಗೆಮನೆಯ ಕಟ್ಟೆಯಡಿ ಹಾಯಿಸುವುದು ದಂಡ. ಅಳತೆಪಟ್ಟಿ ಕಾಣುವಂತೆ ಫೋಟೊ ತೆಗೆದಿಡಿ: ಮುಂದೆ ಮೊಳೆ ಹೊಡೆಯುವವರು ಯಾರೋ, ಯಾರಿಗೆ ಗೊತ್ತು! ಒತ್ತಡದ ಪರೀಕ್ಷೆ ಗೆದ್ದ ಮೇಲೆ, ಕೊಳವೆಯಲ್ಲಿ ಒತ್ತಡ ಇರುವಾಗಲೇ ಗಾರೆ ಸುರಿಯಬೇಕು.

ಇಲ್ಲಿ ಅವಸರ ಮಾಡಿದರೆ ಬಿರುಕು ಖಚಿತ. ಸಿಮೆಂಟ್ ಗಾರೆಗೆ ಕನಿಷ್ಠ 21 ದಿನ ಕೊಡಿ. ನಂತರ ಮೂರು ದಿನ 25 ಡಿಗ್ರಿಯ ನೀರು, ಆಮೇಲೆ ನಾಲ್ಕು ದಿನ ವಿನ್ಯಾಸದ ಗರಿಷ್ಠ ಉಷ್ಣತೆ. ಮೇಲ್ಹಾಸಿಗೆ ಕಲ್ಲು, ಟೈಲ್ಸ್ ಉತ್ತಮ. ದಪ್ಪ ರತ್ನಗಂಬಳಿ ಶಾಖಕ್ಕೆ ಅಡ್ಡಗೋಡೆ.

ಈಗ ಯಂತ್ರದ ಸರದಿ. ಶಾಖನಷ್ಟ ಇಳಿದಿರುವುದರಿಂದ ಚಿಕ್ಕದೇ ಸಾಕಾಗಬಹುದು. ಹಿಂತಿರುಗುವ ನೀರು ತಣ್ಣಗಿರುವ ಕಾರಣ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿನ ಆವಿಯ ಶಾಖವನ್ನೂ ಹೀರಿಕೊಳ್ಳುವಂಥದ್ದು) ಅಥವಾ ಹೀಟ್ ಪಂಪ್ (ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಒಳತರುವ ಯಂತ್ರ) ಇಲ್ಲಿ ಚೆನ್ನಾಗಿ ದುಡಿಯುತ್ತದೆ. ಹಳೆಯ ಎರಕದ ಕಬ್ಬಿಣದ ಬಾಯ್ಲರನ್ನೇ ನೇರವಾಗಿ ಜೋಡಿಸಿದರೆ ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ. ಅದನ್ನು ತಪ್ಪಿಸಲು ಬಿಸಿನೀರಿಗೆ ಹಿಂತಿರುಗಿದ ನೀರನ್ನು ಬೆರೆಸುವ ಮಿಶ್ರಣ ಕವಾಟ ಬೇಕಾಗುತ್ತದೆ. ಸ್ನಾನದ ಬಿಸಿನೀರೂ ಹಳೆಯ ಬಾಯ್ಲರಿನಿಂದಲೇ ಬರುತ್ತಿದ್ದರೆ ಅದಕ್ಕೆ ಬೇರೆ ದಾರಿ ಮಾಡಿಕೊಳ್ಳಿ.

ಗಾರೆಯ ನೆಲ ಬಿಸಿಯಾಗಲು ಗಂಟೆಗಳು ಬೇಕು, ಆರಲೂ ಅಷ್ಟೇ. ರಾತ್ರಿ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸದೆ ಥರ್ಮೋಸ್ಟಾಟನ್ನು ಒಂದೆರಡು ಡಿಗ್ರಿ ಮಾತ್ರ ಇಳಿಸಿ.