ಗಣಿ ಕೆಲಸಗಾರರ ಶುಗರ್, ಬಿಪಿ: ನನ್ನ ಅನುಭವ

ಸಂಡೂರು ಸೀಮೆಯ ಕಬ್ಬಿಣದ ಅದಿರಿನ ಗಣಿಗಳಲ್ಲಿ ದುಡಿಯುವವರನ್ನು ಡಾಕ್ಟರಾಗಿ ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಗಣಿ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಧೂಳು. ಗಣಿ ಕೆಲಸಗಾರರಿಗೆ ನಿಯಮದ ಪ್ರಕಾರ ಆಗಾಗ ನಡೆಯಬೇಕಾದ ತಪಾಸಣೆಯಲ್ಲೂ ಎದೆ ಎಕ್ಸ್‌ರೇ, ಉಸಿರಾಟದ ಪರೀಕ್ಷೆಯ ಮೇಲೇ ಎಲ್ಲರ ಕಣ್ಣು. ಆದರೆ ನನ್ನೆದುರು ಬಂದು ಕೂರುವವರಲ್ಲಿ ಜಾಸ್ತಿ ಕಾಣುವುದು ಬೊಜ್ಜು ಹೊಟ್ಟೆ, ಬಿಪಿ, ಶುಗರ್.

"ಸರ, ದಿನಾ ಮೈನ್ಸಿಗೆ ಹೋಗಿ ದುಡಿತೀನ್ರೀ, ನನಗ್ಯಾಕ ಶುಗರ್ ಬರ್ತೈತಿ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅವರ ಅಪ್ಪಂದಿರು ಸುತ್ತಿಗೆ ಹಿಡಿದು ಅದಿರು ಒಡೆದವರು. ಇವರು ಎಂಟು ಗಂಟೆ ಡಂಪರ್, ಅಂದರೆ ಅದಿರು ಸಾಗಿಸುವ ದೊಡ್ಡ ಗಾಡಿಯ ಕ್ಯಾಬಿನ್ನಿನಲ್ಲಿ ಕೂರುತ್ತಾರೆ. ಮೈಯೆಲ್ಲ ಅದುರಿ ಸುಸ್ತಾಗುತ್ತದೆ, ಆದರೆ ತಿಂದದ್ದು ಕರಗುವಷ್ಟು ಮೈ ಓಡಾಡುವುದಿಲ್ಲ. ತಟ್ಟೆ ಮಾತ್ರ ಅಪ್ಪನ ಕಾಲದ್ದೇ.

ನಾನು ಮೊದಲು ಬದಲಾಯಿಸಿದ್ದು ರಕ್ತ ತೆಗೆಯುವ ಹೊತ್ತನ್ನು. ನೈಟ್ ಶಿಫ್ಟ್ ಮುಗಿಸಿ ಸೀದಾ ಬರುತ್ತಿದ್ದರು. "ಏನೂ ತಿಂದಿಲ್ಲ" ಅನ್ನುತ್ತಿದ್ದರು. ಬಿಡಿಸಿ ಕೇಳಿದರೆ ನಡುರಾತ್ರಿ ಊಟ ಆಗಿರುತ್ತಿತ್ತು, ಬೆಳಗಿನ ಜಾವ ಚಹಾ, ಬಿಸ್ಕತ್ತೂ ಆಗಿರುತ್ತಿತ್ತು. ಚಹಾ ಅವರ ಲೆಕ್ಕದಲ್ಲಿ ತಿಂಡಿಯೇ ಅಲ್ಲ, ಅಲ್ವಾ? ಅಂಥ ರಕ್ತದಲ್ಲಿ ಬರಿಹೊಟ್ಟೆ ಶುಗರ್ ನೋಡಿ ಪ್ರಯೋಜನವಿಲ್ಲ. ನಿದ್ದೆಗೆಟ್ಟ ದೇಹದಲ್ಲಿ ಬಿಪಿಯೂ ಏರಿರಬಹುದು. ಈಗ ಮಧ್ಯಾಹ್ನ ಶುರುವಾಗಿ ರಾತ್ರಿ ಮುಗಿಯುವ ಸೆಕೆಂಡ್ ಶಿಫ್ಟಿನ ವಾರದಲ್ಲಿ, ರಾತ್ರಿ ಮಲಗಿ ಎದ್ದ ಮೇಲೆ ಬೆಳಿಗ್ಗೆ ಬರಲು ಹೇಳುತ್ತೇನೆ. ಆಗದವರಿಗೆ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ, ಬರಿಹೊಟ್ಟೆ ಬೇಕಿಲ್ಲದ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸುತ್ತೇನೆ. 6.5 ಅಥವಾ ಅದಕ್ಕೂ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅಂದರೆ ಅಂಚಿನಲ್ಲಿದ್ದಾರೆ. ಕಬ್ಬಿಣದ ಕೊರತೆ ಇದ್ದರೆ ಈ ಅಂಕಿ ಸುಮ್ನೆ ಏರಿ ಕಾಣಬಹುದು, ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡುತ್ತೇನೆ.

ಇನ್ನೊಂದು, ಟೇಪು. ಸೊಂಟದಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. "ನಂದು 34 ಸೈಜ್ ಪ್ಯಾಂಟ್" ಅನ್ನುತ್ತಾರೆ, ಅಂದರೆ 86 ಸೆಂ.ಮೀ. ಆದರೆ ಪ್ಯಾಂಟು ನಿಂತಿರುವುದು ಹೊಟ್ಟೆಯ ಕೆಳಗೆ. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಡಿಸಿ ಅಳೆದರೆ 98 ಬರುತ್ತದೆ. ಆ ಅಂಕಿಯನ್ನು ಅವರ ಕೈಯಿಂದಲೇ ಓದಿಸುತ್ತೇನೆ. ಲ್ಯಾಬ್ ರಿಪೋರ್ಟಿಗಿಂತ ಅದು ಬೇಗ ಮನಸ್ಸಿಗೆ ನಾಟುತ್ತದೆ.

ಅತಿ ಹೆಚ್ಚು ಮಾತು ಖರ್ಚಾದದ್ದು ನೈಟ್ ಶಿಫ್ಟಿನ ಊಟಕ್ಕೆ. ಹಗಲು ಉಂಡ ಅನ್ನವನ್ನೇ ನಡುರಾತ್ರಿ ಉಂಡರೆ ಶುಗರ್ ಹೆಚ್ಚು ಏರುತ್ತದೆ, ಇನ್ಸುಲಿನ್ ಆ ಹೊತ್ತಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಮನೆಯಲ್ಲೇ ರೊಟ್ಟಿ, ಕಾಳು ಪಲ್ಯ ಉಂಡು ಹೊರಡಿ, ಡಬ್ಬಿಗೆ ಹುರಿದ ಶೇಂಗಾ, ಕಡ್ಲಿ ಉಸುಲಿ, ಮಜ್ಜಿಗೆ ಸಾಕು ಅಂದೆ. ಗಂಡಸರು ತಲೆಯಾಡಿಸಿ ಹೋದರು, ಏನೂ ಬದಲಾಗಲಿಲ್ಲ. ಡಬ್ಬಿ ಕಟ್ಟುವವರನ್ನು ಕರೆದು ಮಾತಾಡಿದ ಮೇಲೆಯೇ ಬದಲಾಗಿದ್ದು. "ಇಷ್ಟರಾಗ ಹೊಟ್ಟಿ ತುಂಬ್ತೈತೇನ್ರೀ ಸರ?" ಅಂತ ಒಬ್ಬ ತಾಯಿ ಜಗಳಕ್ಕೇ ನಿಂತರು. ಮುಂದಿನ ಸಲ ಮಗನ ಟೇಪಿನ ಅಳತೆ ಕೇಳಿದ್ದೂ ಅವರೇ. ಕ್ಯಾಂಟೀನಿನಲ್ಲಿ ಚಹಾಕ್ಕೆ ಸಕ್ಕರೆ ಹಾಕಿಯೇ ಕುದಿಸುತ್ತಿದ್ದರು, ಅದನ್ನು ಬೇರೆ ಇಡಿಸಿದೆವು. ರಾತ್ರಿಗೆ ನಾಲ್ಕು ಲೋಟ ಕುಡಿಯುವವರಿಗೆ ಎಂಟು ಚಮಚ ಸಕ್ಕರೆ ಉಳಿದಂತೆ.

ಮಾತ್ರೆಯ ವಿಷಯದಲ್ಲಿ ನನಗೆ ಭಯ ಇರುವುದು ಡಂಪರ್ ಓಡಿಸುವವರದ್ದು. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ದಿಢೀರ್ ಇಳಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜು. ಇಳಿಜಾರಿನ ರಸ್ತೆಯಲ್ಲಿ ಲೋಡ್ ತುಂಬಿದ ಗಾಡಿ ಕೈಯಲ್ಲಿರುವಾಗ ಹಾಗಾದರೆ ಏನು ಗತಿ? ಸಾಧ್ಯವಿದ್ದಷ್ಟು ಮೆಟ್‌ಫಾರ್ಮಿನ್‌ನಿಂದಲೇ ಶುರುಮಾಡುತ್ತೇನೆ, ಅದೊಂದೇ ಕೊಟ್ಟಾಗ ಹಾಗೆ ಇಳಿಯುವುದು ಅಪರೂಪ. ಕೆಲಸ ಹೋದೀತು ಅಂತ ಶುಗರ್ ಮುಚ್ಚಿಡುವವರೂ ಇದ್ದಾರೆ. ಶುಗರ್ ಹಿಡಿತದಲ್ಲಿದ್ದರೆ ಅವರು ಕೆಲಸಕ್ಕೆ ಯೋಗ್ಯರು ಅಂತ ಮ್ಯಾನೇಜರುಗಳಿಗೂ ನಾನೇ ಕೂತು ವಿವರಿಸಿದ್ದೇನೆ.

ಡ್ರಿಲ್ಲಿಂಗ್ ಮಾಡುವವರಿಗೆ ಇನ್ನೊಂದು ಮಾತು. ಇಲ್ಲಿನ ಅದಿರಿನ ಜೊತೆಗಿರುವ ಕಲ್ಲಿನಲ್ಲಿ ಸಿಲಿಕಾ ಎಂಬ ಖನಿಜ ಇದೆ. ಸಿಲಿಕಾ ಧೂಳು ಟಿಬಿಗೆ ದಾರಿ ಮಾಡುತ್ತದೆ, ಸಕ್ಕರೆ ಕಾಯಿಲೆಯೂ ಆ ಅಪಾಯವನ್ನು ಎರಡು ಮೂರು ಪಟ್ಟು ಏರಿಸುತ್ತದೆ. ಎರಡೂ ಸೇರಿದವರಿಗೆ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸದೆ ಬಿಡುವುದಿಲ್ಲ.

ಗುತ್ತಿಗೆ ಕಾರ್ಮಿಕರ ಪಾಡು ನೋಡಿದರೆ ಇವತ್ತಿಗೂ ಸಂಕಟವಾಗುತ್ತದೆ. ಗುತ್ತಿಗೆದಾರ ಬದಲಾದರೆ ಫೈಲೂ ಮಾಯ. ಅದಕ್ಕೇ ಸೊಂಟದಳತೆ, ಬಿಪಿ, ಶುಗರ್, ಮಾತ್ರೆಯ ಹೆಸರು ಒಂದು ದಪ್ಪ ಕಾರ್ಡಿನಲ್ಲಿ ಬರೆದು ಅವರ ಕೈಗೇ ಕೊಡುತ್ತೇನೆ. ನನ್ನೆದುರೇ ಮೊಬೈಲಿನಲ್ಲಿ ಫೋಟೋ ತೆಗೆಸುತ್ತೇನೆ. ಮುಂದಿನ ಗಣಿಯ ಡಾಕ್ಟರು ಅಲ್ಲಿಂದಲೇ ಮುಂದುವರಿಸಬಹುದು.