ಎಥನಾಲ್ ಇಲ್ಲದೆ ಬಳಚಿನ ಡಿಎನ್‌ಎ: ನನ್ನ ಅನುಭವ

ಅಘನಾಶಿನಿ, ಶರಾವತಿ ಮತ್ತು ಕಾಳಿ ನದಿಗಳ ಅಳಿವೆಗಳಿಂದ, ಅವುಗಳ ಆನುವಂಶಿಕ ವೈವಿಧ್ಯವನ್ನು ಹೋಲಿಸಿ ನೋಡಲೆಂದು ತಂದ ಸುಮಾರು 120 ಬಳಚುಗಳ (ಎರಡು ಚಿಪ್ಪಿನ ಪ್ರಾಣಿಗಳ) ಅಂಗಾಂಶದ ತುಣುಕುಗಳು ಹನ್ನೊಂದು ತಿಂಗಳ ಕಾಲ ಬೆಂಗಳೂರಿನ ನಮ್ಮ ಕಾಲೇಜಿನ ಮರದ ಕಪಾಟಿನಲ್ಲಿದ್ದವು. ಅವು ಫ್ರಿಜ್‌ನಲ್ಲಿರಲಿಲ್ಲ, ಅಂಗಾಂಶ ಕೆಡದಿರಲೆಂದು ಸಾಮಾನ್ಯವಾಗಿ ಬಳಸುವ ಎಥನಾಲ್ ಕೂಡ ಅವುಗಳ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಅವುಗಳಿಂದ ಡಿಎನ್‌ಎ ತೆಗೆದು ಸಿಒಐ ಎಂಬ ಮೈಟೊಕಾಂಡ್ರಿಯದ ಜೀನಿನ ಭಾಗವನ್ನು ಪಿಸಿಆರ್‌ಗೆ (ಡಿಎನ್‌ಎಯ ಒಂದು ಭಾಗದ ಅಸಂಖ್ಯ ಪ್ರತಿ ಮಾಡುವ ಕ್ರಮ) ಹಾಕಿದಾಗ, 110ರ ಆಸುಪಾಸು ಮಾದರಿಗಳಲ್ಲಿ, ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ 700 ಬೇಸ್‌ಗಳ ಜಾಗದಲ್ಲಿ ಒಂದೇ ಒಂದು ಸ್ವಚ್ಛವಾದ ಬ್ಯಾಂಡ್ (ಗೆರೆ) ಬಂದಿತು. ಇದು ಆಗುವ ಕೆಲಸವಲ್ಲವೆಂದು ಹೇಳಿದವರು ಒಬ್ಬಿಬ್ಬರಲ್ಲ. ಒಂದು ದೊಡ್ಡ ಸಂಸ್ಥೆಯಲ್ಲಿರುವ ನನ್ನ ಹಿರಿಯ ಮಿತ್ರರಂತೂ, ಚಿಪ್ಪುಜೀವಿಗಳ ಕೆಲಸಕ್ಕೆ ಡಿಎನ್‌ಎ ತೆಗೆಯುವ ಒಳ್ಳೆಯ ಕಿಟ್ ಮತ್ತು ಮೈನಸ್ 80 ಡಿಗ್ರಿಯ ಫ್ರೀಜರ್ ಇಲ್ಲದವರು ಕೈಹಾಕಲೇಬಾರದೆಂದು ಸಭೆಯಲ್ಲೇ ಹೇಳಿದ್ದರು. ನಾಲ್ಕು ವರ್ಷ, ಮೂರು ವಿದ್ಯಾರ್ಥಿ ತಂಡಗಳು ಮತ್ತು ನನ್ನ ಸಂಬಳದ ಒಂದಿಷ್ಟು ಭಾಗ ಖರ್ಚಾದ ಮೇಲೆ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆಯೆಂದು ಭಾವಿಸುತ್ತೇನೆ.

ಬೆಂಗಳೂರಿನಿಂದ ಕರಾವಳಿಗೆ ಹೋಗಿ ಮಾದರಿ ತರುವವರಿಗೆ ಮೊದಲ ತೊಡಕು ಎದುರಾಗುವುದು ಪ್ರಯಾಣದಲ್ಲಿ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಉರಿಯುವ ದ್ರವವನ್ನು ಒಯ್ಯುವಂತಿಲ್ಲ. ಶುದ್ಧ ಎಥನಾಲ್ ಕೊಳ್ಳಲು ಅಬಕಾರಿ ಪರವಾನಗಿ ಬೇಕು. ನಮ್ಮ ಕಾಲೇಜಿಗೆ ವರ್ಷಕ್ಕೆ ಸಿಗುವ ಅಲ್ಪ ಪ್ರಮಾಣವು ಡಿಎನ್‌ಎ ತೊಳೆಯುವ ಕೊನೆಯ ಹಂತಕ್ಕೇ ಸರಿಹೋಗುತ್ತದೆ. ಆದ್ದರಿಂದ ಮೊದಲ ವರ್ಷ ಜೀವಂತ ಬಳಚುಗಳನ್ನೇ ಥರ್ಮಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ ಕುಮಟಾದಿಂದ ರಾತ್ರಿ ಬಸ್ಸಿನಲ್ಲಿ ತಂದೆವು. ಘಟ್ಟ ಹತ್ತುವಷ್ಟರಲ್ಲಿ ಐಸ್ ಕರಗಿ, ಬಳಚುಗಳು ಸಿಹಿನೀರಿನಲ್ಲಿ ಮುಳುಗಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಪೆಟ್ಟಿಗೆ ತೆರೆದಾಗ ಅರ್ಧಕ್ಕಿಂತ ಹೆಚ್ಚು ಬಾಯಿ ಬಿಟ್ಟು ಸತ್ತಿದ್ದವು. ಅವುಗಳಿಂದ ತೆಗೆದ ಡಿಎನ್‌ಎ ಜೆಲ್ ಮೇಲೆ ಮೇಲಿನಿಂದ ಕೆಳಗಿನವರೆಗೆ ಹೊಗೆ ಎಳೆದಂತೆ ಕಾಣಿಸಿತು, ಅಂದರೆ ಚೂರುಚೂರಾಗಿತ್ತು. ಆ ಒಂದು ಪ್ರವಾಸಕ್ಕೆ ಸುಮಾರು 9,000 ರೂಪಾಯಿ ಖರ್ಚಾಗಿತ್ತು.

ಕೈ ತೊಳೆಯುವ ಸ್ಯಾನಿಟೈಸರ್ ಧಾರಾಳವಾಗಿ ಸಿಗುತ್ತಿದ್ದ ದಿನಗಳಲ್ಲಿ ಅದನ್ನೂ ಪರೀಕ್ಷಿಸಿದ್ದೇನೆ. ಅದರ ಗ್ಲಿಸರಿನ್ ಮತ್ತು ನೀರಿನ ಅಂಶದಿಂದ ಅಂಗಾಂಶ ಮೆತ್ತಗಾಗಿ ಉಳಿಯಿತೇ ಹೊರತು ಡಿಎನ್‌ಎ ಉಳಿಯಲಿಲ್ಲ. ಸಿಲಿಕಾ ಜೆಲ್‌ನಲ್ಲಿ ಒಣಗಿಸುವ ಪ್ರಯತ್ನವೂ ನಡೆಯಿತು. ಎಲೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಬಳಚಿನ ಲೋಳೆ ಮಾತ್ರ ಹೊರಗೆ ಚರ್ಮದಂತೆ ಬಿಗಿದುಕೊಂಡು ಒಳಗಿನ ಭಾಗವನ್ನು ಹಸಿಯಾಗಿಯೇ ಬಿಟ್ಟಿತು.

ಕೊನೆಗೆ ನಾನು ಹಿಡಿದದ್ದು ಉಪ್ಪು ತುಂಬಿದ ಡಿಎಂಎಸ್‌ಒ (ಅಂಗಾಂಶದೊಳಕ್ಕೆ ಬೇಗ ಇಳಿಯುವ ದ್ರಾವಕ) ದ್ರಾವಣವನ್ನು. ಇದು ಹೊಸದೇನಲ್ಲ. 1991ರಲ್ಲಿ ಪಕ್ಷಿಗಳ ರಕ್ತ ಮತ್ತು ಅಂಗಾಂಶಗಳಿಗಾಗಿ ಪ್ರಕಟವಾದ ವಿಧಾನವಿದು, 1998ರಲ್ಲಿ ಕಡಲಿನ ಅಕಶೇರುಕಗಳ ಮೇಲೆ ನಡೆದ ಹೋಲಿಕೆಯಲ್ಲಿಯೂ ಚೆನ್ನಾಗಿಯೇ ನಿಂತಿತ್ತು. ಶೇಕಡಾ 20 ಡಿಎಂಎಸ್‌ಒ, 0.25 ಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ), ಪಿಎಚ್ 8, ಮತ್ತು ಕರಗುವಷ್ಟೂ ಸೋಡಿಯಂ ಕ್ಲೋರೈಡ್. ಒಂದು ಲೀಟರಿಗೆ 93 ಗ್ರಾಂ ಇಡಿಟಿಎ ಬೇಕು. ಪಿಎಚ್ 8ರ ಹತ್ತಿರ ಬರುವವರೆಗೆ ಅದು ಕರಗದೆ ಹಾಲಿನಂತೆಯೇ ಇರುವುದರಿಂದ ಸೋಡಿಯಂ ಹೈಡ್ರಾಕ್ಸೈಡನ್ನು ತಾಳ್ಮೆಯಿಂದ ಸೇರಿಸಬೇಕು. ಬಾಟಲಿಯ ತಳದಲ್ಲಿ ಕರಗದ ಉಪ್ಪು ಒಂದು ಬೆರಳಿನಷ್ಟು ಉಳಿದರೆ ದ್ರಾವಣ ಸರಿಯಾಗಿದೆಯೆಂದು ಅರ್ಥ. ನನ್ನ ನೆನಪಿನಂತೆ ಲೀಟರಿಗೆ 1,100 ರೂಪಾಯಿಯ ಸುಮಾರಿಗೆ ತಗುಲಿತು, ಅಂದರೆ ಒಂದು ಟ್ಯೂಬಿಗೆ ಹೆಚ್ಚುಕಡಿಮೆ ಒಂದು ರೂಪಾಯಿ. ನಮ್ಮ ಜಿಲ್ಲಾ ಕಾಲೇಜುಗಳ ಸಹೋದ್ಯೋಗಿಗಳು ಈ ಅಂಕಿಯನ್ನು ಗಮನಿಸಬೇಕೆಂದು ನನ್ನ ಆಸೆ.

ಬೆಂಗಳೂರಿಗೇ ವಿಶೇಷವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಶುದ್ಧ ಡಿಎಂಎಸ್‌ಒ 18.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳು ಹೊಸ ಬಾಟಲಿಯನ್ನು ತಂದು ತೋರಿಸಿದಳು. ಒಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದಂತೆ ಬಿಳಿಯ ಗಟ್ಟಿ ಇತ್ತು. ಅಂಗಡಿಯವರು ಕೆಟ್ಟ ಮಾಲು ಕೊಟ್ಟಿದ್ದಾರೆಂದು ಅವಳು ವಾಪಸು ಮಾಡಲು ಹೊರಟಿದ್ದಳು. ಬಿಸಿಲಿನಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಅದು ಸರಿಹೋಯಿತು. ಅದೇ ವಾರ, ಅಂಗಾಂಶವನ್ನು ಕರಗಿಸಿ ಡಿಎನ್‌ಎ ಬಿಡಿಸಲು ಬಳಸುವ ಸಿಟ್ಯಾಬ್ ಬಫರ್‌ನ ತಳದಲ್ಲಿಯೂ ಬಿಳಿ ಕೂತಿತ್ತು. ಅದನ್ನು ಗಮನಿಸದೆ ಮೇಲಿನ ತಿಳಿಯನ್ನು ಮಾತ್ರ ಬಳಸಿದ ಒಂದು ದಿನದ ಕೆಲಸ ಪೂರ್ತಿ ಹಾಳಾಯಿತು. ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಈ ತೊಂದರೆ ಇರುವುದಿಲ್ಲ.

ದ್ರಾವಣ ಸಿದ್ಧವಾಯಿತೆಂದು ಹಿಗ್ಗಿ ಎರಡನೆಯ ವರ್ಷ ತಂದ 40 ಮಾದರಿಗಳಲ್ಲಿ ಪಿಸಿಆರ್ ಆದದ್ದು ಮೂರು ಮಾತ್ರ. ನನ್ನ ಮಿತ್ರರ ಮಾತು ನಿಜವಾಯಿತೆಂದು ವಿಭಾಗದಲ್ಲಿ ಎಲ್ಲರೂ ಒಪ್ಪಿಕೊಂಡರು. ಆದರೆ ಜೆಲ್ ಮೇಲೆ ಡಿಎನ್‌ಎ ಗಟ್ಟಿಯಾಗಿ, ಉದ್ದವಾಗಿ, ಮಾದರಿ ಹಾಕುವ ಗುಳಿಯ ಬಾಯಲ್ಲೇ ನಿಂತಿತ್ತು. ಅಂದರೆ ದ್ರಾವಣ ತನ್ನ ಕೆಲಸವನ್ನು ಮಾಡಿತ್ತು, ತಪ್ಪು ನಮ್ಮದಾಗಿತ್ತು. ಟ್ಯೂಬಿನಿಂದ ತುಣುಕನ್ನು ದ್ರಾವಣದ ಸಮೇತ ಎತ್ತಿ ನೇರವಾಗಿ ಸಿಟ್ಯಾಬ್‌ಗೆ ಹಾಕುತ್ತಿದ್ದೆವು. ಆ ಇಡಿಟಿಎ ಕೊನೆಯವರೆಗೂ ಜೊತೆಯಲ್ಲೇ ಬಂದು, ಪಿಸಿಆರ್‌ನಲ್ಲಿ ಪ್ರತಿ ಮಾಡುವ ಪಾಲಿಮರೇಸ್ ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಅನ್ನು ಹಿಡಿದು ಕೂರುತ್ತಿತ್ತು. ಡಿಎನ್‌ಎ ಗಸಿಯಾಗಿ ಕೂರಲೆಂದು ಐಸೊಪ್ರೊಪನಾಲ್ ಹಾಕಿದಾಗ ಸಿಗುತ್ತಿದ್ದ ದಪ್ಪ ಬಿಳಿಯ ಗಸಿಯನ್ನು ಕಂಡು ಡಿಎನ್‌ಎ ಬಹಳ ಬಂದಿದೆಯೆಂದು ನಾವು ಸಂತೋಷಪಡುತ್ತಿದ್ದುದು ವಾಸ್ತವವಾಗಿ ಉಪ್ಪನ್ನು ನೋಡಿ.

ಅಲ್ಲಿಂದ ಮುಂದೆ ತುಣುಕನ್ನು ಸೋಸುಕಾಗದದ ಮೇಲೆ ಒತ್ತಿ ಒರೆಸಿ, 10 ಮಿಲಿಮೋಲಾರ್ ಟ್ರಿಸ್ ಬಫರ್‌ನಲ್ಲಿ ಮೂರು ಬಾರಿ ನೆನೆಸುವ ಕ್ರಮವನ್ನು ರೂಢಿಸಿಕೊಂಡೆವು. ಮೊದಲ ಎರಡು ಬಾರಿ ಅರ್ಧ ಗಂಟೆಯಷ್ಟು, ಮೂರನೆಯದು ಇಡೀ ರಾತ್ರಿ ಫ್ರಿಜ್‌ನಲ್ಲಿ. ಆ ಮೂರನೆಯ ನೆನೆಸುವಿಕೆಗೆ ನಾನು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ. ಅದನ್ನು ನನ್ನ ವಿದ್ಯಾರ್ಥಿನಿಯ ಪ್ರಬಂಧ ಹೊರಬರುವವರೆಗೆ ಹೇಳುವಂತಿಲ್ಲ. ಅದಿಲ್ಲದೆಯೂ ಹತ್ತರಲ್ಲಿ ಏಳೆಂಟು ಮಾದರಿಗಳು ಫಲ ಕೊಡುತ್ತವೆ.

ಎರಡನೆಯ ತಪ್ಪು ತುಣುಕಿನ ಗಾತ್ರದ್ದು. ಹೆಚ್ಚು ಅಂಗಾಂಶ ಹಾಕಿದರೆ ಹೆಚ್ಚು ಡಿಎನ್‌ಎ ಎಂಬ ಲೆಕ್ಕ ಕೋಳಿಯ ಯಕೃತ್ತಿಗೆ ಸರಿ, ಬಳಚಿಗೆ ಅಲ್ಲ. ಇಲ್ಲಿ ಗಾತ್ರ ಹೆಚ್ಚಿದಷ್ಟೂ ಲೋಳೆಯ ಪಾಲಿಸ್ಯಾಕರೈಡ್ (ಸಕ್ಕರೆಯ ಉದ್ದ ಸರಪಳಿ) ಹೆಚ್ಚುತ್ತದೆ. ಕೊನೆಗೆ ಟ್ಯೂಬಿನ ತಳದಲ್ಲಿ ಪಾರದರ್ಶಕವಾದ ಅಂಟು ಕೂತು, ಪಿಪೆಟ್ಟಿನ ತುದಿಗೆ ನೂಲಿನಂತೆ ಎಳೆದುಕೊಂಡು ಬರುತ್ತದೆ. ಅದು ಎಷ್ಟು ಬಿಸಿ ಮಾಡಿದರೂ ಕರಗುವುದಿಲ್ಲ. ಅಕ್ಕಿಕಾಳಿನ ಗಾತ್ರಕ್ಕಿಂತ ಒಂದು ಎಳೆಯೂ ಹೆಚ್ಚು ತೆಗೆದುಕೊಳ್ಳಬಾರದು, ಕ್ಲೋರೋಫಾರ್ಮ್ ತೊಳೆತ ಎರಡು ಬಾರಿ ಆಗಲೇಬೇಕು, ಪಿಸಿಆರ್‌ಗೆ ಹಾಕುವ ಮೊದಲು ಹತ್ತರಷ್ಟು ತೆಳುಮಾಡಬೇಕು. ಸಿಟ್ಯಾಬ್‌ನ ಉಪ್ಪನ್ನು ರೂಢಿಯ 1.4 ಮೋಲಾರ್‌ಗಿಂತ ಮೇಲೇರಿಸಿದ್ದರಿಂದ ನನಗೆ ಬಹಳ ಅನುಕೂಲವಾಯಿತು. ಎಷ್ಟಕ್ಕೆ ಏರಿಸಬೇಕು ಎಂಬುದು ನಿಮ್ಮ ನಿಮ್ಮ ಪ್ರಭೇದದ ಲೋಳೆಯನ್ನು ಅವಲಂಬಿಸುವುದರಿಂದ ನೀವೇ ಕಂಡುಕೊಳ್ಳುವುದು ಒಳ್ಳೆಯದು.

ಅಂಗಾಂಶವನ್ನು ದಡದಲ್ಲೇ ಕತ್ತರಿಸಬೇಕು. ಇಡೀ ಬಳಚನ್ನು ದ್ರಾವಣಕ್ಕೆ ಹಾಕಿದರೆ ಅದು ಚಿಪ್ಪು ಮುಚ್ಚಿಕೊಂಡು ತನ್ನ ನೀರಿನಲ್ಲೇ ಕೊಳೆಯುತ್ತದೆ. ತದಡಿಯ ಸಮೀಪ ಮೊದಲ ದಿನ ನಾನು ಚಿಪ್ಪುಗಳನ್ನು ಸುತ್ತಿಗೆಯಿಂದ ಒಡೆಯುತ್ತಿದ್ದೆ. ಚೂರುಗಳು ಮಾಂಸದೊಳಗೆ ಸೇರಿ, ಜಠರದ ಹಸಿರು ರಸ ಎಲ್ಲೆಡೆ ಹರಡುತ್ತಿತ್ತು. ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕಿ ಬುಟ್ಟಿ ಹೊತ್ತು ಬಂದ ಹಿರಿಯ ಮಹಿಳೆಯೊಬ್ಬರು ನಿಂತು ನೋಡಿ, “ತಮಾ, ಜಜ್ಜಬೇಡ. ನೆರಳಲ್ಲಿಟ್ಟು ಸುಮ್ಮನಿರು, ಅದೇ ಬಾಯಿ ತೆಗೀತದೆ” ಎಂದರು. ಕಾದಾಗ ಕೂದಲೆಳೆಯಷ್ಟು ಸಂದಿ ಬಿಟ್ಟಿತು. ಅವರು ತಮ್ಮ ಕತ್ತಿಯ ತುದಿಯನ್ನು ಆ ಸಂದಿಗೆ ಇಳಿಸಿ ಎರಡು ಬದಿಯ ಮುಚ್ಚುಸ್ನಾಯುಗಳನ್ನು ಒಂದೊಂದೇ ಎಳೆತದಲ್ಲಿ ಕೊಯ್ದರು. ಚಿಪ್ಪು ಪುಸ್ತಕದಂತೆ ತೆರೆದುಕೊಂಡಿತು. ನಾಲ್ಕು ವರ್ಷಗಳಲ್ಲಿ ನನಗೆ ದೊರೆತ ಅತ್ಯುತ್ತಮ ತಾಂತ್ರಿಕ ಸಲಹೆ ಅದು. ಈಗ ನಾವು ತೆಗೆದುಕೊಳ್ಳುವುದು ಆ ಸ್ನಾಯು ಮತ್ತು ಪಾದದ ತುದಿಯನ್ನು ಮಾತ್ರ. ಮೊದಲು ಮ್ಯಾಂಟಲ್ (ಚಿಪ್ಪಿಗೆ ಅಂಟಿದ ಒಳಪದರ) ಜೊತೆಗೆ ಜನನಾಂಗದ ಅಂಶವೂ ಬಂದು, ಕೆಲವು ಅನುಕ್ರಮಗಳಲ್ಲಿ ಒಂದೇ ಸ್ಥಾನದಲ್ಲಿ ಎರಡು ಶಿಖರಗಳು, ಅಂದರೆ ಎರಡು ಬೇಸ್‌ಗಳ ಗುರುತು, ಕಾಣಿಸುತ್ತಿದ್ದವು. ಮೈಟೊಕಾಂಡ್ರಿಯ ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುವುದಾದರೂ, ಮಿಟಿಲಸ್, ರುಡಿಟೇಪಿಸ್ ಮುಂತಾದ ಚಿಪ್ಪುಜೀವಿಗಳಲ್ಲಿ ಗಂಡಿನ ಜನನಾಂಗದಲ್ಲಿ ತಂದೆಯ ಕಡೆಯದೂ ಇರುತ್ತದೆಂಬುದನ್ನು ತಿಳಿದವರು ಈ ಎಚ್ಚರಿಕೆಯನ್ನು ಹಗುರವಾಗಿ ಕಾಣುವುದಿಲ್ಲ.

ಟ್ಯೂಬಿನ ಹೊರಗೆ ಮಾರ್ಕರ್‌ನಿಂದ ಬರೆದ ಹೆಸರನ್ನು ಡಿಎಂಎಸ್‌ಒ ಅಳಿಸಿಹಾಕುತ್ತದೆ. ಹೀಗೆ ಹೊನ್ನಾವರದ 14 ಮಾದರಿಗಳು ಅನಾಥವಾದವು. ದಪ್ಪ ಕಾಗದದ ಚೀಟಿಗೆ ಪೆನ್ಸಿಲಿನಲ್ಲಿ ಬರೆದು ಟ್ಯೂಬಿನೊಳಗೇ ಹಾಕಿ. ಶರಾವತಿಯ ಅಳಿವೆಯಲ್ಲಿ ಆ 14ನ್ನು ಮತ್ತೆ ಕೂಡಿಸಲು ನಮಗೆ ಎರಡು ದಿನ ಬೇಕಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ನಂತರ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತಿದ್ದು, ಉಪ್ಪಿನಂಶ ತಗ್ಗಿ ಅಲ್ಲಿ ಚಿಪ್ಪುಜೀವಿಗಳು ವಿರಳವಾಗಿವೆ. ಅಣೆಕಟ್ಟಿಲ್ಲದ, 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯಲ್ಲಿ ಅದೇ ಸಂಖ್ಯೆ ಒಂದು ಇಳಿತದಲ್ಲಿ ಸಿಗುತ್ತದೆ. ಎರಡು ಅಳಿವೆಗಳ ನಡುವಿನ ದೂರ ಅಲ್ಪ, ಲಾರ್ವಗಳು ನೀರಿನಲ್ಲಿ ತೇಲುವ ದಿನಗಳು ಕೆಲವು. ಹಾಗಿದ್ದೂ ಬಳಚುಗಳ ಸಂಖ್ಯೆ ಕುಸಿದ ಕಡೆ ಆನುವಂಶಿಕ ವೈವಿಧ್ಯವೂ ಕುಸಿದಿದೆಯೇ, ಅಥವಾ ಪಕ್ಕದ ಅಳಿವೆಯ ಲಾರ್ವಗಳು ಅದನ್ನು ತುಂಬುತ್ತಿವೆಯೇ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯಿಂದಾಗಿಯೇ ಸೋತ ಟ್ಯೂಬುಗಳ ಬಗ್ಗೆ ನಾನು ಇಷ್ಟು ಹಟ ಹಿಡಿದೆ. ಒಂದು ಅಳಿವೆಯ 40ರಲ್ಲಿ 38ರ ಅನುಕ್ರಮ ಓದಿ, ಇನ್ನೊಂದರ 40ರಲ್ಲಿ 12 ಮಾತ್ರ ಓದಿದರೆ ಹ್ಯಾಪ್ಲೊಟೈಪ್‌ಗಳ (ಒಂದಕ್ಕಿಂತ ಒಂದು ಬೇರೆಯಾದ ಅನುಕ್ರಮಗಳ) ಎಣಿಕೆಗೆ ಅರ್ಥವೇ ಇರುವುದಿಲ್ಲ. ಅದೇ ರೀತಿ, ಒಂದೇ ಪ್ರಾಣಿಯಲ್ಲಿ ಕಂಡ ಹ್ಯಾಪ್ಲೊಟೈಪನ್ನು ಮತ್ತೊಮ್ಮೆ ಪಿಸಿಆರ್ ಮಾಡಿ ಎರಡೂ ದಿಕ್ಕಿನಿಂದ ಓದಿಸದೆ ನಂಬಬಾರದು. ನಮ್ಮ ಮೊದಲ ಪಟ್ಟಿಯಲ್ಲಿ ಅಂಥವು 30ರಷ್ಟಿದ್ದವು, ಮರು ಓದಿನ ಬಳಿಕ 21 ಅಥವಾ 22 ಉಳಿದವು. ಬಿದ್ದುಹೋದವು ಓದಿನ ತಪ್ಪುಗಳು. ಆ ತಪ್ಪುಗಳನ್ನು ಹಾಗೆಯೇ ಬಿಟ್ಟಿದ್ದರೆ ಬಡ ಅಳಿವೆಯೊಂದನ್ನು ಶ್ರೀಮಂತವೆಂದು ಬರೆದುಬಿಡುತ್ತಿದ್ದೆವು. ಮೆರೆಟ್ರಿಕ್ಸ್ ಕಾಸ್ಟಾ (ನಮಗೆ ಬೇಕಿದ್ದ ಬಳಚಿನ ಪ್ರಭೇದ) ಎಂದು ತಂದವುಗಳಲ್ಲಿ ನಾಲ್ಕು ಬೇರೆ ಪ್ರಭೇದಕ್ಕೆ ಸೇರಿದ್ದವು. ಅವು ಸೇರಿಕೊಂಡರೆ ನ್ಯೂಕ್ಲಿಯೋಟೈಡ್ ವೈವಿಧ್ಯ (ಅನುಕ್ರಮಗಳ ನಡುವಿನ ಸರಾಸರಿ ವ್ಯತ್ಯಾಸ) ಒಮ್ಮೆಲೇ ಜಿಗಿಯುತ್ತದೆ. ಆದ್ದರಿಂದ ಪ್ರತಿಯೊಂದರ ಚಿಪ್ಪನ್ನೂ ಟ್ಯೂಬಿನ ಸಂಖ್ಯೆಯೊಡನೆ ಕಾಯ್ದಿಡಬೇಕು.

ಹಣ ಕಳೆದುಕೊಂಡ ದೊಡ್ಡ ಪ್ರಯೋಗವೆಂದರೆ ಮೈಕ್ರೊಸ್ಯಾಟಲೈಟ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳನ್ನು ಗುರುತಾಗಿ ಬಳಸುವುದು. ಚೀನಾದ ಮೆರೆಟ್ರಿಕ್ಸ್‌ಗೆಂದು ರೂಪಿಸಿದ ಪ್ರೈಮರ್‌ಗಳಲ್ಲಿ (ಪಿಸಿಆರ್ ಶುರುಮಾಡುವ ಗಿಡ್ಡ ಡಿಎನ್‌ಎ ಎಳೆಗಳಲ್ಲಿ) ಆರನ್ನು ತರಿಸಿ, ಸುಮಾರು 60,000 ರೂಪಾಯಿ ಖರ್ಚು ಮಾಡಿದೆ. ಎಲ್ಲ ಗುರುತುಗಳಲ್ಲಿಯೂ ಸಮಯುಗ್ಮಜಗಳು (ತಂದೆ ತಾಯಿ ಇಬ್ಬರಿಂದಲೂ ಒಂದೇ ರೂಪ ಪಡೆದವು) ಅತಿಯಾಗಿ ಕಂಡವು. ಮೊದಲು ಒಳಸಂತಾನವೆಂದು ಗಾಬರಿಯಾದೆ. ಬಳಿಕ, ಚಿಪ್ಪುಜೀವಿಗಳಲ್ಲಿ ಪ್ರೈಮರ್ ಕೂರುವ ಜಾಗವೇ ಬದಲಾಗಿ ಒಂದು ಆಲೀಲ್ (ಗುರುತಿನ ಒಂದು ರೂಪ) ಕಾಣದೆ ಹೋಗುವುದು ಸಾಮಾನ್ಯವೆಂಬುದು ನಮ್ಮ ದತ್ತಾಂಶದಲ್ಲಿಯೇ ಸ್ಪಷ್ಟವಾಯಿತು: ಕೆಲವು ಮಾದರಿಗಳಲ್ಲಿ ಸಿಒಐ ಚೆನ್ನಾಗಿ ಬಂದು, ಆ ಗುರುತು ಮಾತ್ರ ಎಷ್ಟು ಬಾರಿ ಮಾಡಿದರೂ ಖಾಲಿ ಬರುತ್ತಿತ್ತು. ಆ ಭಾಗವನ್ನು ಪೂರ್ತಿ ಕೈಬಿಟ್ಟೆ.

ಉಳಿದ ಖರ್ಚಿನಲ್ಲಿ ಪೀಣ್ಯದ ಕಡೆಯಿಂದ ಕೊಂಡ ಹಳೆಯ ಪಿಸಿಆರ್ ಯಂತ್ರಕ್ಕೆ 85,000, ಕರೆಂಟ್ ಹೋದಾಗ ಅದನ್ನು ನಡೆಸುವ ಯುಪಿಎಸ್‌ಗೆ 18,000, ಹೊರಗಿನ ಪ್ರಯೋಗಾಲಯದಲ್ಲಿ ಅನುಕ್ರಮ ಓದಿಸಲು ಒಂದು ಓದಿಗೆ 350ರಂತೆ ಒಟ್ಟು 80,000ದ ಸುಮಾರು. ಅಭ್ಯಾಸಕ್ಕೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ತಂದ ಮರುವಾಯಿ ಮತ್ತು ಪಚ್ಚಿಲೆ ಎಂಬ ಚಿಪ್ಪುಜೀವಿಗಳ ಬೆಲೆ ಲೆಕ್ಕಕ್ಕೆ ಬಾರದು. ಹೊಸ ವಿದ್ಯಾರ್ಥಿಗಳ ಕೈ ಪಳಗಿಸಲು ಅವು ಬಹಳ ಉಪಯುಕ್ತ. ಆದರೆ ಯಾವ ಅಳಿವೆಯವೆಂದು ತಿಳಿಯದ ಕಾರಣ ಅವುಗಳ ಒಂದು ಅನುಕ್ರಮವೂ ವೈವಿಧ್ಯದ ಲೆಕ್ಕಕ್ಕೆ ಸೇರಕೂಡದು. ಪಚ್ಚಿಲೆಯನ್ನು ದ್ರಾವಣದಲ್ಲಿ ಆರು ತಿಂಗಳು ಇಟ್ಟು ನೋಡಿದೆ, ಬಳಚಿಗಿಂತಲೂ ಚೆನ್ನಾಗಿ ಬಂದಿತು. ಸುರತ್ಕಲ್ಲಿನ ಬಂಡೆಗಳಿಂದ ಕೆರೆದು ತಂದ ಬಾರ್ನಕಲ್‌ಗಳಲ್ಲಿ ಸುಣ್ಣದ ಕವಚವನ್ನು ಇಡಿಟಿಎ ತಿನ್ನತೊಡಗಿ ದ್ರಾವಣವೇ ಮಂಕಾಯಿತು. ಅವುಗಳ ಕವಚವನ್ನು ದಡದಲ್ಲೇ ಬಿಡಿಸಿ, ಒಳಗಿನ ಪ್ರಾಣಿಯನ್ನು ಮಾತ್ರ ಹಾಕಬೇಕು.

ಕಿಟ್ ಇಲ್ಲದೆ ಆಗದೆಂದಿದ್ದ ಹಿರಿಯ ಮಿತ್ರರಿಗೆ ಕಳೆದ ತಿಂಗಳು ನಮ್ಮ ಹತ್ತು ಮಾದರಿಗಳ ಜೋಡಿ ತುಣುಕುಗಳನ್ನು ಅದೇ ದ್ರಾವಣದಲ್ಲಿ ಕಳುಹಿಸಿದೆ. ಅವರ ವಿದ್ಯಾರ್ಥಿ ನಮ್ಮ ತೊಳೆಯುವ ಕ್ರಮದಂತೆ ಮಾಡಿ ಒಂಬತ್ತರಲ್ಲಿ ಬ್ಯಾಂಡ್ ಕಂಡಿದ್ದಾನೆ. ಹತ್ತನೆಯದರ ತುಣುಕು ಅಕ್ಕಿಕಾಳಿಗಿಂತ ದೊಡ್ಡದಾಗಿತ್ತೆಂದು ಅವನೇ ಬರೆದು ತಿಳಿಸಿದ.