ಒಂದರೊಳಗೊಂದು ಕೂತ ಕಂಬಗಳು: ಮಂಟಪದ ತ್ರೀಡಿ ಮಾದರಿ ಸರಿಪಡಿಸಿದ ಬಗೆ

ಸಾಲುಗಂಬದ ಮಂಟಪದ ಫೋಟೋಗಳಿಂದ ಮಾಡಿದ ಮಾದರಿಯಲ್ಲಿ ಒಂದು ಅಂಕಣವೇ (ಕಂಬಗಳ ನಡುವಿನ ಒಂದು ಭಾಗ) ಮಾಯವಾಗಿತ್ತು. ಕಂಬಗಳೆಲ್ಲ ಒಂದೇ ಅಚ್ಚಿನಂತಿದ್ದರೆ ಸಾಫ್ಟ್‌ವೇರ್ ಎರಡನ್ನು ಒಂದೆಂದು ಹೊಂದಿಸಿಬಿಡುತ್ತದೆ. ಬರೀ ಫೋಟೋ ಹೆಚ್ಚಿಸಿದರೆ ಇದು ಬಗೆಹರಿಯದು.

ಅಕ್ಕಪಕ್ಕದ ಅಂಕಣಗಳ ಗಡಿಯಲ್ಲಿ ನಾಲ್ಕು ಕೋಡೆಡ್ ಟಾರ್ಗೆಟ್ (ಸಾಫ್ಟ್‌ವೇರ್ ಸಂಖ್ಯೆಯಿಂದ ಗುರುತಿಸುವ ಮುದ್ರಿತ ಗುರುತು) ಇಟ್ಟೆ. ಎಲ್ಲಕ್ಕೂ ಬೇರೆ ಸಂಖ್ಯೆ, ನಾಲ್ಕೂ ಒಂದೇ ಗೆರೆಯಲ್ಲಿರಬಾರದು. ನೆಲದ ಮೇಲೆ, ಸ್ಟ್ಯಾಂಡ್ ಮೇಲೆ ಇಡಿ. ಕಲ್ಲಿಗೆ ಮಾತ್ರ ದಯವಿಟ್ಟು ಅಂಟಿಸಬೇಡಿ, ಶಿಥಿಲವಾದ ಮೇಲ್ಪದರ ಅಂಟಿನ ಜೊತೆಗೇ ಕಿತ್ತುಬರುತ್ತದೆ. ಫೋಕಲ್ ಲೆಂತ್ ಬದಲಿಸದೆ, ಎಫ್/8 ಅಪರ್ಚರ್‌ನಲ್ಲಿ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ), ಟ್ರೈಪಾಡ್ ಬಳಸಿ, ಒಂದು ಫೋಟೋ ಮುಂದಿನದರ ಶೇ 80ರಷ್ಟನ್ನು ಒಳಗೊಳ್ಳುವಂತೆ ತೆಗೆದೆ.

ಆಮೇಲೆ ಪ್ರತಿ ಅಂಕಣವನ್ನೂ ಪ್ರತ್ಯೇಕವಾಗಿ ಅಲೈನ್ ಮಾಡಿ (ಅದರ ಫೋಟೋಗಳನ್ನು ಒಂದಕ್ಕೊಂದು ಹೊಂದಿಸಿ), ಗಡಿಯ ಟಾರ್ಗೆಟ್‌ಗಳಿಂದ ಜೋಡಿಸಿದೆ. ಟೋಟಲ್ ಸ್ಟೇಷನ್ನಿನಲ್ಲಿ (ದೂರ, ಕೋನ ಅಳೆಯುವ ಸರ್ವೇ ಉಪಕರಣ) ಅಳೆದ ಕೆಲವು ಬಿಂದುಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆಂದೇ ಉಳಿಸಿಕೊಳ್ಳಿ. ಜೋಡಣೆಯ ನಿಜವಾದ ದೋಷ ಗೊತ್ತಾಗುವುದು ಅಲ್ಲೇ.